ಚರ್ಚೆ: 1965ರ ಇಂಪಾಲಾದ ಹೊಟ್ಟೆಯಲ್ಲಿರುವುದು ಯಾವ ಆಟೋಮ್ಯಾಟಿಕ್ ಗೇರ್‌ಬಾಕ್ಸ್?

ಬಣಕಲ್_ತೋಟದವ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನ ಕಾಲದ 1965ರ ಷೆವರ್ಲೆ ಇಂಪಾಲಾ ಕಾರು ಬಣಕಲ್ ಹತ್ತಿರದ ತೋಟದ ಮನೆಯಲ್ಲಿದೆ. 283 ಘನ ಇಂಚಿನ ವಿ8 ಎಂಜಿನ್ನು, ಬಲಗಡೆಯ ಸ್ಟೀರಿಂಗ್, ಸ್ಟೀರಿಂಗ್ ಕಂಬದ ಮೇಲೆಯೇ ಗೇರ್ ಕಡ್ಡಿ. ಕಡ್ಡಿಯ ಮುಂದಿನ ಸೂಚಕದಲ್ಲಿ ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಲ್ (ಲೋ, ಅಂದರೆ ಕೆಳ ಗೇರು) ಎಂಬ ಐದೇ ಅಕ್ಷರಗಳಿವೆ. ಇದರಲ್ಲಿರುವುದು ಎರಡು ಗೇರಿನ ಪವರ್‌ಗ್ಲೈಡ್ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದಿದ್ದಾರೆ.

ಕಳೆದ ಮೂರು ತಿಂಗಳಿನಿಂದ ಕಾರು ಸರಿಯಿಲ್ಲ. ಸಮತಟ್ಟಿನಲ್ಲಿ ಹೇಗೋ ಓಡುತ್ತದೆ. ಆದರೆ ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಘಾಟಿ ಹತ್ತುವಾಗ ಎಂಜಿನ್ ಅರಚಿಕೊಳ್ಳುತ್ತದೆಯೇ ಹೊರತು ಕಾರು ಮುಂದಕ್ಕೆ ಹೋಗುವುದಿಲ್ಲ. ಚಿಕ್ಕಮಗಳೂರಿನ ಒಬ್ಬ ಮೆಕ್ಯಾನಿಕ್ ನೋಡಿ, ಇದನ್ನು ಕಿತ್ತೆಸೆದು ಡೀಸೆಲ್ ಎಂಜಿನ್ನನ್ನೂ ಕೈಗೇರಿನ ಪೆಟ್ಟಿಗೆಯನ್ನೂ ಕೂರಿಸಿಬಿಡೋಣ, ಒಂದು ಲಕ್ಷ ಎಂಬತ್ತು ಸಾವಿರ ಆಗುತ್ತದೆ ಎಂದರು. ಬೆಂಗಳೂರಿನ ಗುಜರಿಯವರೊಬ್ಬರ ಬಳಿ ಪವರ್‌ಗ್ಲೈಡ್ ಪೆಟ್ಟಿಗೆಯೊಂದು ಅರವತ್ತೈದು ಸಾವಿರಕ್ಕೆ ಇದೆಯಂತೆ. ಮುಂಗಡ ಕಳುಹಿಸಲೇ? ಬಲ್ಲವರು ತಿಳಿಸಬೇಕು.

ಹಳೇ_ಪಾನಾ

ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಮೊದಲು ನಿಮ್ಮ ಕಾರಿನ ಅಡಿಗೆ ಹೋಗಿ ಗೇರ್‌ಬಾಕ್ಸಿನ ಎಣ್ಣೆ ತಟ್ಟೆಯ ಬೋಲ್ಟುಗಳನ್ನು ಎಣಿಸಿ, ತಟ್ಟೆಯ ಆಕಾರವನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ಪವರ್‌ಗ್ಲೈಡ್ ಆಗಿದ್ದರೆ 14 ಬೋಲ್ಟುಗಳಿರುತ್ತವೆ, ಪೆಟ್ಟಿಗೆಯ ಪಕ್ಕದಲ್ಲಿ ಎರಕದಲ್ಲಿಯೇ ಅದರ ಹೆಸರು ಮೂಡಿರುವುದೂ ಉಂಟು. ಮೂರು ಗೇರಿನ ಟರ್ಬೊ ಹೈಡ್ರಾಮ್ಯಾಟಿಕ್ 350 ಆಗಿದ್ದರೆ 13 ಬೋಲ್ಟುಗಳು, ತಟ್ಟೆ ಚೌಕವಾಗಿದ್ದು ಹಿಂದಿನ ಒಂದು ಮೂಲೆಯನ್ನು ಕತ್ತರಿಸಿದಂತಿರುತ್ತದೆ. ಟರ್ಬೊ 400ಕ್ಕೂ 13 ಬೋಲ್ಟುಗಳೇ, ಆದರೆ ಅದರ ತಟ್ಟೆ ಅಂಕುಡೊಂಕಾಗಿ ಯಾವುದೋ ರಾಜ್ಯದ ನಕಾಶೆಯ ಹಾಗೆ ಕಾಣುತ್ತದೆ. ನಂತರದ ಕಾಲದ, ನಾಲ್ಕು ಗೇರಿನ 700ಆರ್4 ಆದರೆ 16. ಕೈಗೆ ಒಂದು ಚೂರು ಸೀಮೆಸುಣ್ಣ ತೆಗೆದುಕೊಂಡು ಹೋಗಿ, ಎಣಿಸಿದ ಬೋಲ್ಟಿಗೆ ಗುರುತು ಹಾಕುತ್ತ ಬನ್ನಿ. ಕೊಳೆಯೊಳಗೆ ಒಂದು ಅಡಗಿರುತ್ತದೆ.

ಡಿ_ಹಾಕಿ_ಹೊರಡಿ

ಸೂಚಕದಲ್ಲಿ ಎಲ್ ಎಂದಿದೆ, ಕಾರು 1965ರದು, ಮನೆಯವರೂ ಹೇಳುತ್ತಿದ್ದಾರೆ. ಇಷ್ಟಾದ ಮೇಲೂ ಮಣ್ಣಿನಲ್ಲಿ ಬೆನ್ನು ಹೊರಳಿಸುವುದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ಹಾಸನ_ಬಿಎಂ_ರಸ್ತೆ

ಯಾಕೆಂದರೆ ಸೂಚಕ ಇರುವುದು ಸ್ಟೀರಿಂಗ್ ಕಂಬದ ಮೇಲೆ, ಗೇರ್‌ಬಾಕ್ಸ್ ಇರುವುದು ಕಾರಿನ ಕೆಳಗೆ. ಇವೆರಡರ ನಡುವೆ ಒಂದು ಕಬ್ಬಿಣದ ಕಡ್ಡಿ ಬಿಟ್ಟರೆ ಬೇರೆ ಸಂಬಂಧವಿಲ್ಲ. ಅರುವತ್ತು ವರ್ಷದ ಕಾರಿನಲ್ಲಿ ಯಾರು ಯಾವಾಗ ಏನನ್ನು ಕೂರಿಸಿದರು ಎಂಬುದನ್ನು ಸೂಚಕ ಹೇಳುವುದಿಲ್ಲ, ಆರ್‌ಸಿ ಪುಸ್ತಕವೂ ಹೇಳುವುದಿಲ್ಲ. ನಾನು ಬಿಚ್ಚಿ ನೋಡಿದ ಹಳೆಯ ಅಮೆರಿಕನ್ ಕಾರುಗಳಲ್ಲಿ ಹುಟ್ಟಿದಾಗಿನ ಗೇರ್‌ಬಾಕ್ಸನ್ನೇ ಉಳಿಸಿಕೊಂಡಿದ್ದವು ಕಡಿಮೆ.

ಬಣಕಲ್_ತೋಟದವ

ಕಾಫಿ ಕಣದ ಮೇಲೆ ಕಾರನ್ನು ನಿಲ್ಲಿಸಿ, ಚಕ್ರಗಳಿಗೆ ಕಟ್ಟೆ ಕೊಟ್ಟು, ಗೋಣಿಚೀಲ ಹಾಸಿಕೊಂಡು ಒಳಗೆ ಹೋದೆ. ಮೊದಲು ಎಣಿಸಿದಾಗ 12 ಬಂತು. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಉಜ್ಜಿದಾಗ, ಬೆರಳಿನಷ್ಟು ದಪ್ಪಗೆ ಕಟ್ಟಿದ್ದ ಕರಿ ಜಿಡ್ಡಿನೊಳಗಿಂದ ಹದಿಮೂರನೆಯದು ತಲೆ ತೋರಿಸಿತು. ತಟ್ಟೆ ಚೌಕವಾಗಿದೆ, ಹಿಂದಿನ ಒಂದು ಮೂಲೆ ಓರೆಯಾಗಿ ಕತ್ತರಿಸಿದಂತಿದೆ. ಪಕ್ಕದಲ್ಲಿ ಪವರ್‌ಗ್ಲೈಡ್ ಎಂಬ ಅಕ್ಷರಗಳೇನೂ ಇಲ್ಲ. ಬಲಭಾಗದ ಹಿಂತುದಿಯಲ್ಲಿ ಒಂದು ತಗಡಿನ ಡಬ್ಬಿಯಂಥದ್ದು ಇದ್ದು, ಅದಕ್ಕೆ ಎಂಜಿನ್ ಕಡೆಯಿಂದ ಸಣ್ಣ ಕೊಳವೆ ಬಂದಿದೆ. ಇನ್ನೊಂದು ಕಡೆ ಒಂದು ಕೇಬಲ್ಲಿನ ತುಂಡು ಯಾವುದಕ್ಕೂ ಸೇರದೆ ನೇತಾಡುತ್ತಿದೆ.

ಹಳೇ_ಪಾನಾ

ಹಾಗಾದರೆ ಅನುಮಾನವೇ ಬೇಡ, ಅದು ಟರ್ಬೊ 350. ಆ ಡಬ್ಬಿ ವ್ಯಾಕ್ಯೂಮ್ ಮಾಡ್ಯುಲೇಟರ್. ಎಂಜಿನ್ನಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು ನಿರ್ವಾತದ ಏರಿಳಿತದಿಂದ ತಿಳಿದು ಗೇರ್‌ಬಾಕ್ಸಿಗೆ ಮುಟ್ಟಿಸುವುದು ಅದರ ಕೆಲಸ. ನೇತಾಡುತ್ತಿರುವುದು ಕಿಕ್‌ಡೌನ್ ಕೇಬಲ್ಲು. ಅದನ್ನು ಥ್ರಾಟಲಿಗೆ ಜೋಡಿಸಿದ್ದರೆ, ಪೆಡಲನ್ನು ಪೂರ್ತಿ ಒತ್ತಿದಾಗ ಗೇರು ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಟರ್ಬೊ 400ರಲ್ಲಿ ಈ ಕೆಲಸಕ್ಕೆ ಕೇಬಲ್ಲಿಲ್ಲ, ವಿದ್ಯುತ್ ಸ್ವಿಚ್ಚಿದೆ.

ಟರ್ಬೊ 350 ಬಂದಿದ್ದೇ 1969ರಲ್ಲಿ. ಆದ್ದರಿಂದ ನಿಮ್ಮ 1965ರ ಕಾರಿಗೆ ಅದು ಹುಟ್ಟಿನಿಂದ ಬಂದದ್ದಾಗಿರಲು ಸಾಧ್ಯವೇ ಇಲ್ಲ. ಪವರ್‌ಗ್ಲೈಡನ್ನು ತೆಗೆದು ಇದನ್ನು ಹಾಕುವುದು ಬಹಳ ಸುಲಭ, ಅದಕ್ಕೇ ಎಷ್ಟೋ ಜನ ಹಾಗೆ ಮಾಡಿದ್ದಾರೆ. 6 ಇಂಚಿನ ಬಾಲವಿರುವ ಟರ್ಬೊ 350ರ ಉದ್ದವೂ ಪವರ್‌ಗ್ಲೈಡಿನ ಉದ್ದವೂ ಹೆಚ್ಚುಕಡಿಮೆ ಒಂದೇ, ಎರಡರ ಹಿಂದಿನ ಶಾಫ್ಟಿಗೂ 27 ಹಲ್ಲು. ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಬೇಕಾಗಿಲ್ಲ.

ಇನ್ನೊಂದು ವಿಷಯ. ಟರ್ಬೊ 350ಕ್ಕೆ ಬೇಕಾದ ಸ್ಥಾನಗಳು ಆರು: ಪಿ, ಆರ್, ಎನ್, ಡಿ, 2, 1. ನಿಮ್ಮ ಕಡ್ಡಿಯಲ್ಲಿರುವುದು ಐದು. ನೀವು ಎಲ್ ಎಂದುಕೊಂಡು ಹಾಕುತ್ತಿರುವುದು ವಾಸ್ತವದಲ್ಲಿ 2. ಮೊದಲನೇ ಗೇರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸಲು ನಿಮಗೆ ದಾರಿಯೇ ಇಲ್ಲ.

ಬಣಕಲ್_ತೋಟದವ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಘಾಟಿ ಇಳಿಯುವಾಗ ಎಲ್‌ಗೆ ಮೊದಲಿನ ಹಿಡಿತವಿಲ್ಲ ಎಂದು ಅಜ್ಜ ಕೊನೆಯವರೆಗೂ ಗೊಣಗುತ್ತಿದ್ದರು. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ನಿಲ್ಲಿಸಿ, ಕೈ ಮುಗಿದು, ಬ್ರೇಕಿನ ಡ್ರಮ್ಮು ಆರುವವರೆಗೆ ಕಾಯುತ್ತಿದ್ದರು. ಅವರಿಗೆ ವಯಸ್ಸಾಗಿ ಹಾಗನ್ನಿಸುತ್ತಿದೆ ಎಂದು ನಾವು ನಗುತ್ತಿದ್ದೆವು.

ನಮ್ಮ ತೋಟದ ಹಳೆಯ ರೈಟರನ್ನು (ಗುಮಾಸ್ತರನ್ನು) ಕೇಳಿದೆ. ಎಂಬತ್ತರ ದಶಕದಲ್ಲಿ ಕಾರು ಲಾರಿಯ ಮೇಲೆ ಬೊಂಬಾಯಿಗೆ ಹೋಗಿ ಮೂರು ತಿಂಗಳ ನಂತರ ವಾಪಸು ಬಂದಿತ್ತಂತೆ. ಅದಕ್ಕೂ ಮೊದಲು ಬ್ಯಾಟರಿ ಇಳಿದರೆ ಆಳುಗಳು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿಸುತ್ತಿದ್ದರಂತೆ, ಬಂದ ಮೇಲೆ ಎಷ್ಟು ತಳ್ಳಿದರೂ ಹಿಡಿಯಲಿಲ್ಲವಂತೆ.

ಹಾಸನ_ಬಿಎಂ_ರಸ್ತೆ

ರೈಟರ ಮಾತಿಗಿಂತ ದೊಡ್ಡ ಸಾಕ್ಷಿ ಬೇಡ. ಆ ಕಾಲದ ಪವರ್‌ಗ್ಲೈಡಿನಲ್ಲಿ ಮುಂದೊಂದು, ಹಿಂದೊಂದು ಎಣ್ಣೆ ಪಂಪು ಇರುತ್ತಿದ್ದವು. ಹಿಂದಿನದು ಚಕ್ರಗಳ ಕಡೆಯಿಂದ ತಿರುಗುತ್ತಿದ್ದುದರಿಂದ, ಕಾರನ್ನು ತಳ್ಳಿದರೆ ಒಳಗೆ ಒತ್ತಡ ಹುಟ್ಟಿ ಎಂಜಿನ್ ತಿರುಗುತ್ತಿತ್ತು. ಟರ್ಬೊ 350ರಲ್ಲಿರುವುದು ಮುಂದಿನ ಪಂಪೊಂದೇ. ಅದು ತಿರುಗಬೇಕಾದರೆ ಎಂಜಿನ್ನೇ ತಿರುಗಬೇಕು. ಗೋಕಾಕ ಜಲಪಾತದವರೆಗೆ ತಳ್ಳಿದರೂ ಅದು ಸ್ಟಾರ್ಟ್ ಆಗುವುದಿಲ್ಲ.

ಅಜ್ಜನ ಗೊಣಗಾಟವೂ ಲೆಕ್ಕಕ್ಕೆ ಸರಿಯಾಗಿದೆ. ಪವರ್‌ಗ್ಲೈಡಿನ ಕೆಳ ಗೇರಿನ ಅನುಪಾತ 1.76 ಅಥವಾ 1.82, ಟರ್ಬೊ 350ರ ಎರಡನೇ ಗೇರಿನದು 1.52. ಅಷ್ಟು ವ್ಯತ್ಯಾಸ ಅವರ ಬಲಗಾಲಿಗೆ ಗೊತ್ತಾಗಿದೆ.

ಡಿ_ಹಾಕಿ_ಹೊರಡಿ

ಸರಿ, ಸೂಚಕದ ವಿಷಯದಲ್ಲಿ ನಾನು ತಪ್ಪು. ಆದರೂ ಪೆಟ್ಟಿಗೆ ಯಾವುದಾದರೇನು, ಹಾಳಾಗಿದ್ದಂತೂ ಹಾಳಾಗಿದೆಯಲ್ಲ?

ಬೇಲೂರು_ಮೇಷ್ಟ್ರು

ಹಾಳಾಗಿದೆ ಎಂದು ಯಾರು ಹೇಳಿದರು? ಆ ಮೆಕ್ಯಾನಿಕ್ಕು ಎಣ್ಣೆಯ ಮಟ್ಟವನ್ನಾದರೂ ನೋಡಿದರೋ ಇಲ್ಲವೋ. ಕಾರನ್ನು ಹತ್ತಾರು ಕಿಲೋಮೀಟರ್ ಓಡಿಸಿ, ಎಣ್ಣೆ ಚೆನ್ನಾಗಿ ಕಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಚಾಲೂ ಇರುವಾಗಲೇ ಪಿ ಸ್ಥಾನದಲ್ಲಿ ನೋಡಬೇಕು. ಎಂಜಿನ್ ನಿಲ್ಲಿಸಿ ನೋಡಿದರೆ ಟಾರ್ಕ್ ಕನ್ವರ್ಟರಿನ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್ ಪೆಟ್ಟಿಗೆಗೆ ದಾಟಿಸುವ ಭಾಗದ) ಎಣ್ಣೆ ಕೆಳಗಿಳಿದು ಮಟ್ಟ ಹೆಚ್ಚಿರುವಂತೆ ತೋರುತ್ತದೆ, ನಾವು ಮೋಸಹೋಗುತ್ತೇವೆ.

ಇನ್ನೊಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ಮಾಡ್ಯುಲೇಟರಿನ ಕೊಳವೆಯನ್ನು ಕಳಚಿ, ಅದರೊಳಗೆ ಕೆಂಪೆಣ್ಣೆ ಇದೆಯೇ ನೋಡಿ. ಒಳಗಿನ ರಬ್ಬರಿನ ಪೊರೆ ಹರಿದಿದ್ದರೆ ಎಂಜಿನ್ ಆ ಎಣ್ಣೆಯನ್ನು ಹೀರಿಕೊಂಡು ಹೊಗೆಯಾಗಿ ಹಿಂದೆ ಬಿಡುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಗೇರ್‌ಬಾಕ್ಸ್ ಬತ್ತುತ್ತದೆ. ಒಂದು ಡಬ್ಬಿ ಬದಲಾಯಿಸಿದರೆ ಮುಗಿಯುವ ಕೆಲಸಕ್ಕೆ ಪೆಟ್ಟಿಗೆಯನ್ನೇ ಗುಜರಿಗೆ ಹಾಕಿದವರನ್ನು ನಾನು ಬಲ್ಲೆ.

ಬಣಕಲ್_ತೋಟದವ

ಮಾಡ್ಯುಲೇಟರಿನ ಕೊಳವೆ ಒಣಗಿದೆ. ಎಣ್ಣೆಯ ಮಟ್ಟ ಸುಮಾರು ಒಂದು ಲೀಟರಿನಷ್ಟು ಕಡಿಮೆ ಇತ್ತು. ಬಣ್ಣ ಕೆಂಪಲ್ಲ, ಡಿಕಾಕ್ಷನ್ ಬಣ್ಣ. ವಾಸನೆ ಮಾತ್ರ ಸುಟ್ಟ ರಬ್ಬರಿನಂತೆ ಮೂಗಿಗೆ ಅಡರುತ್ತದೆ. ತಟ್ಟೆಯನ್ನು ಇಳಿಸಿದಾಗ ತಳದಲ್ಲಿ ಕಾಡಿಗೆಯಂಥ ಕರಿ ಹಿಟ್ಟು ಅರ್ಧ ಅಂಗುಲ ಕೂತಿತ್ತು. ಅದನ್ನು ಬಿಳಿ ಪಂಚೆಯ ತುಂಡಿನ ಮೇಲೆ ಸವರಿದರೆ ನಡುನಡುವೆ ಹಿತ್ತಾಳೆಯ ಬಣ್ಣದ ಹೊಳಪೂ ಕಾಣುತ್ತದೆ.

ಹಳೇ_ಪಾನಾ

ಕರಿ ಹಿಟ್ಟು ಕ್ಲಚ್ ಪ್ಲೇಟಿನದು, ಹಿತ್ತಾಳೆ ಹೊಳಪು ಶಾಫ್ಟುಗಳಿಗೆ ಆಸರೆಯಾದ ಲೋಹದ ಉಂಗುರಗಳದ್ದು, ಅಂದರೆ ಬುಷ್‌ಗಳದ್ದು. ಈಗ ಎರಡು ಪ್ರಶ್ನೆ. ರಿವರ್ಸ್ ಹೇಗಿದೆ? ಮತ್ತು ಈ ಕಾರನ್ನು ಇತ್ತೀಚೆಗೆ ಯಾರಾದರೂ ಹಗ್ಗ ಕಟ್ಟಿ ಎಳೆದಿದ್ದಾರೆಯೇ?

ಬಣಕಲ್_ತೋಟದವ

ರಿವರ್ಸ್ ಹಾಕಿದರೆ ಕಣದ ಪಕ್ಕದ ಸಣ್ಣ ಏರನ್ನೂ ಹತ್ತುವುದಿಲ್ಲ. ಎಳೆದದ್ದು ಹೌದು. ಜನವರಿಯಲ್ಲಿ ಮೂಡಿಗೆರೆಯಲ್ಲಿ ಪೆಟ್ರೋಲ್ ಪಂಪು ಕೆಟ್ಟು ನಿಂತಾಗ, ಗ್ಯಾರೇಜಿನ ಹುಡುಗರು ಬಂದು ನ್ಯೂಟ್ರಲಿನಲ್ಲಿಟ್ಟು, ಜೀಪಿಗೆ ಹಗ್ಗ ಕಟ್ಟಿ, ನಾಲ್ಕೂ ಚಕ್ರ ನೆಲದ ಮೇಲಿರುವಂತೆಯೇ ಚಿಕ್ಕಮಗಳೂರಿನವರೆಗೆ ಎಳೆದುಕೊಂಡು ಹೋದರು. ಸುಮಾರು 30 ಕಿಲೋಮೀಟರ್. ಹಿಂದೆ ನಾನು ಸ್ಟೀರಿಂಗ್ ಹಿಡಿದು ಕುಳಿತಿದ್ದೆ. ಅವರು ಸಾವಕಾಶವಾಗಿಯೂ ಹೋಗಲಿಲ್ಲ.

ಸಕಲೇಶಪುರ_ಏಲಕ್ಕಿ

ಅಲ್ಲಿಗೆ ಮುಗಿಯಿತು ಕಥೆ. ಎಂಜಿನ್ ನಿಂತಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಎಣ್ಣೆಯಿಲ್ಲ. ಆದರೆ ಹಿಂದಿನ ಚಕ್ರಗಳು ಒಳಗಿನ ಗೇರುಗಳನ್ನು ಒಣಗಿದಂತೆಯೇ ತಿರುಗಿಸುತ್ತಿರುತ್ತವೆ. ನಿಮ್ಮ ಕ್ಲಚ್ಚನ್ನು ಸುಟ್ಟವರು ಆ ಹುಡುಗರೇ.

ಹಳೇ_ಪಾನಾ

ಕೋಪ ಬರುವುದು ಸಹಜ, ಆದರೆ ತಪ್ಪನ್ನು ಸರಿಯಾದ ಜಾಗದಲ್ಲಿ ಹೊರಿಸೋಣ. ಎಳೆದದ್ದರಿಂದ ಬುಷ್ ತಿಂದಿದೆ, ಹಿತ್ತಾಳೆಯ ಹೊಳಪು ಅದರದ್ದೇ. ಕ್ಲಚ್ ಪ್ಲೇಟುಗಳು ಸುಡುವುದು ಮಾತ್ರ ಹಾಗಲ್ಲ. ನ್ಯೂಟ್ರಲಿನಲ್ಲಿ ಅವುಗಳ ಮೇಲೆ ಒತ್ತಡವೇ ಇರುವುದಿಲ್ಲ. ಪಿಸ್ಟನ್ನಿನ ರಬ್ಬರ್ ಸೀಲುಗಳು ವಯಸ್ಸಾಗಿ ಬಳೆಯಂತೆ ಗಟ್ಟಿಯಾಗಿ, ಎಣ್ಣೆಯ ಒತ್ತಡ ಪಕ್ಕಕ್ಕೆ ಸೋರಿ, ಪ್ಲೇಟುಗಳು ಅರೆಬರೆ ಹಿಡಿದು ಜಾರಿದಾಗ ಸುಡುತ್ತವೆ. ಎಣ್ಣೆ ಕಡಿಮೆಯಿದ್ದರೆ ಇನ್ನೂ ಬೇಗ.

ಟರ್ಬೊ 350ರಲ್ಲಿ ಡೈರೆಕ್ಟ್ ಕ್ಲಚ್ ಎಂಬುದೊಂದಿದೆ. ಅದು ಕೆಲಸ ಮಾಡುವುದು ಎರಡೇ ಕಡೆ, ಮೂರನೇ ಗೇರಿನಲ್ಲಿ ಮತ್ತು ರಿವರ್ಸಿನಲ್ಲಿ. ಎರಡೂ ಜಾರುತ್ತಿವೆ ಎಂದರೆ ಎಲ್ಲಿ ಬಿಚ್ಚಿ ನೋಡಬೇಕೆಂದು ಗೊತ್ತಾಯಿತಲ್ಲ. ಘಾಟಿಯಲ್ಲಿ ಕಡ್ಡಿಯನ್ನು ಎಲ್‌ಗೆ ಹಾಕಿ ಹತ್ತಿ ನೋಡಿದ್ದೀರಾ?

ಬಣಕಲ್_ತೋಟದವ

ಹೌದು, ಎಲ್‌ನಲ್ಲಿ ನಿಧಾನವಾಗಿ ಹತ್ತುತ್ತದೆ! ಅದು ಇದುವರೆಗೂ ಹೊಳೆದಿರಲಿಲ್ಲ.

ಬೆಂಗಳೂರಿನವರು ಪವರ್‌ಗ್ಲೈಡಿನ ಚಿತ್ರ ಕಳುಹಿಸಿದ್ದಾರೆ, ಹಾಕಿದ್ದೇನೆ, ನೋಡಿ.

ಹಾಸನ_ಬಿಎಂ_ರಸ್ತೆ

ಚಿತ್ರ ನೋಡಿ ನಗು ಬಂತು. ಕತ್ತರಿಸಿದ ಮೂಲೆ ಸ್ಪಷ್ಟವಾಗಿ ಕಾಣುತ್ತಿದೆ, ಅದೂ ಟರ್ಬೊ 350ರದೇ. ಪವರ್‌ಗ್ಲೈಡ್ ಎಂಬ ಹೆಸರಿಗೆ ಬೆಲೆ ಜಾಸ್ತಿ ಎಂದು ಯಾರೋ ಅವರಿಗೆ ಹೇಳಿರಬೇಕು.

ಅದಕ್ಕಿಂತ ಮುಖ್ಯವಾದದ್ದು ಮುಂದಿನ ಗಂಟೆಯಾಕಾರದ ಭಾಗ, ಅಂದರೆ ಬೆಲ್ ಹೌಸಿಂಗ್. ಅದರ ನೆತ್ತಿಯ ಮೇಲೆ ನಡುವೆ ವಿ ಅಕ್ಷರದಂತೆ ತಗ್ಗಿದೆ. ಅದು ಬ್ಯೂಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಎಂಜಿನ್‌ಗಳಿಗೆ ಮಾಡಿದ ರಂಧ್ರಗಳ ಜೋಡಣೆ. ನಿಮ್ಮ 283ರ ಬೆನ್ನಿಗೆ ಅದರ ಬೋಲ್ಟುಗಳು ಕೂರುವುದಿಲ್ಲ. ಎಲ್ಲವೂ ಜನರಲ್ ಮೋಟಾರ್ಸ್ ಅಲ್ಲವೇ ಎಂದು ಕೇಳಬೇಡಿ. ಒಂದೇ ಮನೆಯ ಅಣ್ಣತಮ್ಮಂದಿರ ಜಮೀನಿಗೂ ಬೇಲಿ ಬೇರೆಬೇರೆ.

ಡಿ_ಹಾಕಿ_ಹೊರಡಿ

ಅಡಾಪ್ಟರ್ ಪ್ಲೇಟ್ ಹಾಕಿದರೆ ಕೂರುತ್ತದೆ.

ಹಾಸನ_ಬಿಎಂ_ರಸ್ತೆ

ಕೂರುತ್ತದೆ, ಅಮೆರಿಕದಿಂದ ತರಿಸಿ ಸುಂಕ ಕಟ್ಟಿದರೆ. ಅಷ್ಟು ದುಡ್ಡಿದ್ದವರು ಇಲ್ಲಿ ಬಂದು ಕೇಳುವುದಿಲ್ಲ.

ಬೇಲೂರು_ಮೇಷ್ಟ್ರು

ಒಂದು ನಿಮಿಷ, ಆ ಪೆಟ್ಟಿಗೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಹೊರಗಿನ ಕವಚ ಬೇರೆಯಾದರೂ ಒಳಗಿನ ಡ್ರಮ್ಮು, ಪ್ಲಾನೆಟರಿ ಗೇರು, ಪಂಪು ಎಲ್ಲವೂ ಅದೇ ಜಾತಿಯವು. ನಿಮ್ಮದರಲ್ಲಿ ಬುಷ್ ತಿಂದು ಗೇರುಗಳಿಗೂ ಪೆಟ್ಟಾಗಿದ್ದರೆ ಇಲ್ಲಿ ಎಲ್ಲಿಂದ ತರುತ್ತೀರಿ? ಪವರ್‌ಗ್ಲೈಡಿನ ಬೆಲೆಗಲ್ಲ, ಬಿಡಿಭಾಗದ ಬೆಲೆಗೆ ಕೇಳಿ ನೋಡಿ. ಹೆಸರು ತಪ್ಪು ಎಂಬುದನ್ನು ಮರ್ಯಾದೆಯಿಂದಲೇ ತಿಳಿಸಿದರೆ ಚೌಕಾಶಿ ಸುಲಭವಾಗುತ್ತದೆ.

ಮಾಗುಂಡಿ_ಓವರ್‌ಡ್ರೈವ್

ಎಲ್ಲರೂ ಹಳೆಯದಕ್ಕೇ ಜೋತುಬಿದ್ದಿದ್ದೀರಿ. ಹೇಗೂ ಮೂಲದ ಪೆಟ್ಟಿಗೆ ಹೋಗಿಯಾಯಿತು, ಇನ್ನು 700ಆರ್4 ಹಾಕುವುದೇ ಜಾಣತನ. ಮೊದಲನೇ ಗೇರು 3.06, ಅಂದರೆ ಘಾಟಿಗೆ ಹೇಳಿ ಮಾಡಿಸಿದ್ದು, ನಾಲ್ಕನೆಯದು 0.70, ಅಂದರೆ ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಎಂಜಿನ್ ತಣ್ಣಗೆ ಗುನುಗುತ್ತದೆ. ಪೆಟ್ರೋಲಿನ ಖರ್ಚೂ ಇಳಿಯುತ್ತದೆ.

ಹಳೇ_ಪಾನಾ

ಅನುಪಾತಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ 700ಆರ್4 ಸುಮಾರು 3 ಇಂಚು ಉದ್ದ, ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಸಮತೋಲನ ಮಾಡಿಸಬೇಕು, ಕೆಳಗಿನ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಬೇಕು. ಅವೆಲ್ಲ ಆಗುವ ಕೆಲಸಗಳೇ. ಅಪಾಯ ಇರುವುದು ಅದರ ಥ್ರಾಟಲ್ ಕೇಬಲ್ಲಿನಲ್ಲಿ. ಟರ್ಬೊ 350ರ ಕೇಬಲ್ಲು ನೇತಾಡುತ್ತಿದ್ದರೂ ಕಿಕ್‌ಡೌನ್ ಇಲ್ಲದೆ ಕಾರು ವರ್ಷಗಟ್ಟಲೆ ಓಡಿದೆ, ನಿಮ್ಮ ಕಣ್ಣೆದುರಿಗೇ ಇದೆಯಲ್ಲ. 700ಆರ್4ರಲ್ಲಿ ಒಳಗಿನ ಒತ್ತಡವನ್ನು ಏರಿಸುವುದೇ ಆ ಕೇಬಲ್ಲು. ಅದು ಸ್ವಲ್ಪ ಸಡಿಲವಾದರೂ ಕ್ಲಚ್ಚುಗಳು ಕೆಲವೇ ಕಿಲೋಮೀಟರುಗಳಲ್ಲಿ ಸುಟ್ಟುಹೋಗುತ್ತವೆ. ಬಣಕಲ್ಲಿನಲ್ಲಿ ಅದನ್ನು ಹೊಂದಿಸುವವರು ಯಾರು, ನೀವು ಬರುತ್ತೀರಾ?

ಮಾಗುಂಡಿ_ಓವರ್‌ಡ್ರೈವ್

ನೀರು ದೋಸೆ ಕೊಡಿಸಿದರೆ ಬರುತ್ತೇನೆ.

ಸಕಲೇಶಪುರ_ಏಲಕ್ಕಿ

ಡೀಸೆಲ್ ಹಾಕಿಸುವ ಮಾತಿಗೆ ಇನ್ನೂ ಯಾರೂ ಉತ್ತರಿಸಿಲ್ಲ, ಆದ್ದರಿಂದ ಅನುಭವಸ್ಥನಾಗಿ ನಾನೇ ಹೇಳುತ್ತೇನೆ. ನಮ್ಮ ಮನೆಯ ಹಳೆಯ ಅಮೆರಿಕನ್ ಕಾರಿಗೆ ತಂದೆಯವರು ಡೀಸೆಲ್ ಎಂಜಿನ್ ಹಾಕಿಸಿದ್ದರು. ಆಗಿನ ಪೆಟ್ರೋಲ್ ಬೆಲೆಗೆ ಅದು ಸರಿಯೆಂದೇ ಎಲ್ಲರಿಗೂ ಅನ್ನಿಸಿತ್ತು. ಮೊದಮೊದಲು ಮಾಡಿದ ತಮಾಷೆಯ ಕೆಲಸವೆಂದರೆ, ಡೀಸೆಲಿಗೆ ಹಳೆಯ ಆಟೋಮ್ಯಾಟಿಕ್ಕನ್ನೇ ಜೋಡಿಸಲು ನೋಡಿದ್ದು. ಡೀಸೆಲ್ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ನಿರ್ವಾತ ಹುಟ್ಟುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಮಾಡ್ಯುಲೇಟರಿಗೆ ನಿರ್ವಾತ ಸಿಗದಿದ್ದರೆ, ಪೆಡಲ್ ಪೂರ್ತಿ ಒತ್ತಿದ್ದಾರೆ ಎಂದೇ ಗೇರ್‌ಬಾಕ್ಸ್ ತಿಳಿಯುತ್ತದೆ. ಗೇರು ತಡವಾಗಿ, ಬೆನ್ನಿಗೆ ಗುದ್ದಿದಂತೆ ಬೀಳುತ್ತಿತ್ತು. ಕೊನೆಗೆ ಕೈಗೇರು ಹಾಕಿಸಿದರು. ಈಗ ಆ ಕಾರು ಟ್ರಾಕ್ಟರಿನಂತೆ ನಡುಗುತ್ತದೆ, ಕೊಳ್ಳುವವರೂ ಇಲ್ಲ.

ಬೇಲೂರು_ಮೇಷ್ಟ್ರು

ಕಾನೂನಿನ ಮಾತೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಷಾಸಿ, ಮೈಕಟ್ಟು ಅಥವಾ ಎಂಜಿನ್ನನ್ನು ಮಾರ್ಪಡಿಸಿದ್ದರೆ ಆಗದು. ಡೀಸೆಲ್ ಹಾಕಿದ ದಿನವೇ ಆ ಬಾಗಿಲು ಮುಚ್ಚುತ್ತದೆ. ಗೇರ್‌ಬಾಕ್ಸಿನ ಮಾತು ಅಲ್ಲಿ ಬಂದಿಲ್ಲ. ಆದರೆ ವಿಂಟೇಜ್ ನೋಂದಣಿಯಾದ ಕಾರನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ ಎಂಬುದೂ ನೆನಪಿರಲಿ. ವಾರಕ್ಕೊಮ್ಮೆ ಸಂತೆಗೆ ಹೋಗುವ ಕಾರಾಗಿದ್ದರೆ ಈಗಿನ ನೋಂದಣಿಯಲ್ಲಿಯೇ ಮುಂದುವರಿಯುವುದು ಒಳ್ಳೆಯದು.

ನಿರ್ವಾಹಕ

ನೋಂದಣಿಯ ಚರ್ಚೆಗೆ ಪ್ರತ್ಯೇಕ ಎಳೆಯಿದೆ. ಇಲ್ಲಿ ಗೇರ್‌ಬಾಕ್ಸಿನ ವಿಷಯವನ್ನೇ ಮುಂದುವರಿಸಬೇಕೆಂದು ಕೋರುತ್ತೇನೆ.

ಬಣಕಲ್_ತೋಟದವ

ತೀರ್ಮಾನಕ್ಕೆ ಬಂದಿದ್ದೇನೆ. ನಮ್ಮದೇ ಕವಚವನ್ನು ಉಳಿಸಿಕೊಂಡು ಒಳಗನ್ನು ಹೊಸದಾಗಿ ಕಟ್ಟಿಸುತ್ತೇನೆ. ಬೆಂಗಳೂರಿನವರು ಮೂರು ದಿನ ಮುನಿಸಿಕೊಂಡು ನಾಲ್ಕನೆಯ ದಿನ ಇಪ್ಪತ್ತೆರಡು ಸಾವಿರಕ್ಕೆ ಒಪ್ಪಿದರು. ಸೀಲು ಮತ್ತು ಕ್ಲಚ್ ಪ್ಲೇಟುಗಳ ಕಿಟ್ಟನ್ನು ಹೊರದೇಶದಿಂದ ತರಿಸುತ್ತಿದ್ದೇನೆ. ಹಾಸನದಲ್ಲಿ ಹಳೆಯ ಕಾರುಗಳ ಆಟೋಮ್ಯಾಟಿಕ್ ಬಿಚ್ಚಿ ಕಟ್ಟಿದ ಹಿರಿಯರೊಬ್ಬರು ಸಿಕ್ಕಿದ್ದಾರೆ. ಕಳಚುವುದು ಮತ್ತು ಕೂರಿಸುವುದು ತೋಟದಲ್ಲಿಯೇ ಆಗಬೇಕು. ಕೂರಿಸುವಾಗ ಎಲ್ಲಿ ತಪ್ಪಾಗುತ್ತದೆ, ತಿಳಿಸಿ.

ಹಾಸನ_ಬಿಎಂ_ರಸ್ತೆ

ತಪ್ಪಾಗುವುದು ಟಾರ್ಕ್ ಕನ್ವರ್ಟರಿನಲ್ಲಿ, ಹತ್ತರಲ್ಲಿ ಒಂಬತ್ತು ಸಲ. ನಾನೇ ಮಾಡಿದ ತಪ್ಪು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಕನ್ವರ್ಟರನ್ನು ಮೊದಲು ಗೇರ್‌ಬಾಕ್ಸಿನೊಳಕ್ಕೆ ಕೂರಿಸಬೇಕು. ಕೈಯಲ್ಲಿ ತಿರುಗಿಸುತ್ತ ಒತ್ತುತ್ತಿದ್ದರೆ ಒಳಗಿನ ಶಾಫ್ಟುಗಳ ಹಲ್ಲುಗಳಿಗೆ ಒಂದೊಂದಾಗಿ ಸಿಕ್ಕಿ ‘ಟಕ್’ ಎಂದು ಒಳಗಿಳಿಯುತ್ತದೆ, ಕೊನೆಯ ‘ಟಕ್’ ಪಂಪಿನದು. ನಾನು ಎರಡು ಸಲ ಕೇಳಿ ಆಯಿತು ಎಂದುಕೊಂಡೆ. ಪೆಟ್ಟಿಗೆಯನ್ನು ಎಂಜಿನ್ನಿಗೆ ಹಚ್ಚಿದಾಗ ನಡುವೆ ಅರ್ಧ ಇಂಚು ಸಂದು ಉಳಿಯಿತು. ಬೋಲ್ಟು ಬಿಗಿದರೆ ಸೇರಿಕೊಳ್ಳುತ್ತದೆ ಎಂದು ಜೊತೆಯಲ್ಲಿದ್ದವರು ಹೇಳಿದರು, ಬಿಗಿದೆವು, ಸೇರಿಕೊಂಡಿತು. ಚಾಲೂ ಮಾಡಿದಾಗ ತೆಂಗಿನಕಾಯಿ ಒಡೆದ ಸದ್ದು ಬಂತು. ಪಂಪಿನ ಗೇರು ಎರಡು ಹೋಳು.

ಸರಿಯಾಗಿ ಕೂತಿದ್ದರೆ, ಬೆಲ್ ಹೌಸಿಂಗ್ ಎಂಜಿನ್ನಿಗೆ ಕೈಯಿಂದಲೇ ಪೂರ್ತಿ ಅಂಟಬೇಕು. ಅಂಟಿದ ಮೇಲೂ ಕನ್ವರ್ಟರು ಬಿಡಿಯಾಗಿ ತಿರುಗಬೇಕು. ಅದಕ್ಕೂ ಎಂಜಿನ್ನಿನ ಬೆನ್ನಿಗೆ ತಿರುಗುವ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ನಡುವೆ 3ರಿಂದ 5 ಮಿಲಿಮೀಟರಿನಷ್ಟು ಸಂದು ಇರಬೇಕು. ಆ ಸಂದನ್ನು ಕನ್ವರ್ಟರನ್ನು ಮುಂದಕ್ಕೆ ಎಳೆದು ಬೋಲ್ಟು ಹಾಕಿ ಮುಚ್ಚುತ್ತೇವೆ. ಸಂದು ಇಲ್ಲದಿದ್ದರೆ ಮತ್ತೆ ಇಳಿಸಿ. ಬೇಸರ ಮಾಡಿಕೊಳ್ಳಬೇಡಿ.

ಬೇಲೂರು_ಮೇಷ್ಟ್ರು

ಇದಕ್ಕೆ ಸೇರಿಸುವುದು ಒಂದೇ. ಗೇರ್‌ಬಾಕ್ಸಿನ ಎಣ್ಣೆ ತಣ್ಣಗಾಗುವುದು ರೇಡಿಯೇಟರಿನ ತೊಟ್ಟಿಯೊಳಗಿನ ಸಣ್ಣ ಕೂಲರಿನಲ್ಲಿ. ಹಳೆಯ ಪೆಟ್ಟಿಗೆಯ ಕರಿ ಹಿಟ್ಟು, ಹಿತ್ತಾಳೆ ಪುಡಿ ಎಲ್ಲವೂ ಆ ಕೊಳವೆಗಳಲ್ಲಿ ಕೂತಿರುತ್ತದೆ. ಅದನ್ನು ತೊಳೆಯದೆ ಹೊಸದನ್ನು ಜೋಡಿಸಿದರೆ ಮೊದಲ ದಿನವೇ ಹಳೆಯ ಹೊಲಸನ್ನು ಹೊಸದಕ್ಕೆ ಕುಡಿಸಿದಂತೆ. ಕನ್ವರ್ಟರಿನೊಳಗೂ ಅದೇ ಇರುತ್ತದೆ, ಅದನ್ನು ಕತ್ತರಿಸಿ ತೊಳೆದು ಬೆಸುಗೆ ಹಾಕುವವರು ಸಿಗದಿದ್ದರೆ ಹೊಸದನ್ನೇ ಹಾಕಿ. ರೇಡಿಯೇಟರಿನ ನೀರು ಗುಲಾಬಿ ಬಣ್ಣದ ಮಜ್ಜಿಗೆಯಂತೆ ಕಂಡರೆ ಕೂಲರೇ ತೂತಾಗಿದೆ ಎಂದು ತಿಳಿಯಿರಿ. ನೀರು ಸೇರಿದ ಎಣ್ಣೆಯಲ್ಲಿ ಹೊಸ ಪ್ಲೇಟುಗಳು ಬಾಳುವುದಿಲ್ಲ.

ಬಣಕಲ್_ತೋಟದವ

*(ಎರಡೂವರೆ ತಿಂಗಳ ನಂತರ)*

ಇಷ್ಟು ದಿನ ಸುಮ್ಮನಿದ್ದುದಕ್ಕೆ ಕ್ಷಮೆಯಿರಲಿ. ಕಿಟ್ಟು ಬರುವುದು ತಡವಾಯಿತು, ನಡುವೆ ಮಳೆ ಹಿಡಿದು ಕರೆಂಟು ಹೋಯಿತು.

ಪಲ್ಪರ್ ಮನೆಯ ತೊಲೆಗೆ ಚೈನ್ ಬ್ಲಾಕ್ ಕಟ್ಟಿ, ಕೆಳಗೆ ಹಲಗೆಗೆ ಚಕ್ರ ಹಾಕಿದ ಗಾಡಿಯಿಟ್ಟು ಪೆಟ್ಟಿಗೆಯನ್ನು ಇಳಿಸಿದೆವು. ಐವತ್ತು ಕಿಲೋದ ಕಾಫಿ ಚೀಲ ಹೊರುವವರಿಗೆ ಅದರ ತೂಕ ದೊಡ್ಡದಾಗಲಿಲ್ಲ, ಹಿಡಿಯಲು ಮೂಲೆಯಿಲ್ಲದಿರುವುದೇ ಕಷ್ಟವಾಯಿತು. ಬಿಚ್ಚಿದಾಗ ಕಂಡದ್ದು ಹಳೇ_ಪಾನಾ ಅವರು ಹೇಳಿದಂತೆಯೇ. ಡೈರೆಕ್ಟ್ ಕ್ಲಚ್ಚಿನ ಪ್ಲೇಟುಗಳಲ್ಲಿ ಕಾಗದದಂಥ ಪದರವೇ ಉಳಿದಿರಲಿಲ್ಲ, ಬರಿಯ ನೀಲಿಗಟ್ಟಿದ ಉಕ್ಕು. ಪಿಸ್ಟನ್ನಿನ ಸೀಲನ್ನು ಹಿರಿಯರು ಬೆರಳಿನಿಂದ ಬಾಗಿಸಿದಾಗ ಹಪ್ಪಳದಂತೆ ಮುರಿಯಿತು. ಹಿಂದಿನ ಬುಷ್‌ನಲ್ಲಿ ಉಗುರು ಸಿಕ್ಕುವಷ್ಟು ಗೀರುಗಳಿದ್ದವು, ಒಂದು ಪ್ಲಾನೆಟರಿ ಗೇರು ನೀಲಿಯಾಗಿತ್ತು. ಆ ಗೇರಿನ ಗುಂಪು, ಒಂದು ಡ್ರಮ್ಮು ಮತ್ತು ಪಂಪು ಬೆಂಗಳೂರಿನ ಪೆಟ್ಟಿಗೆಯಿಂದ ಬಂದವು.

ಕನ್ವರ್ಟರನ್ನು ಕೂರಿಸುವಾಗ ಮೂರನೆಯ ‘ಟಕ್’ ಬರಲು ನಲವತ್ತು ನಿಮಿಷ ಹಿಡಿಯಿತು. ಎರಡನೆಯದರಲ್ಲಿಯೇ ಸಾಕು ಎಂದು ನನಗೂ ಅನ್ನಿಸಿತ್ತು, ತೆಂಗಿನಕಾಯಿಯ ಸದ್ದು ನೆನಪಾಗಿ ಬಿಡಲಿಲ್ಲ. ಸಂದು ಅಳೆದಾಗ 4 ಮಿಲಿಮೀಟರ್. ಮೊದಲು ನಾಲ್ಕು ಲೀಟರ್ ಡೆಕ್ಸ್‌ರಾನ್ ಎಣ್ಣೆ ಹಾಕಿ ಚಾಲೂ ಮಾಡಿ, ನಂತರ ಸ್ವಲ್ಪಸ್ವಲ್ಪವೇ ಕುಡಿಸುತ್ತ ಹೋದೆವು. ಒಟ್ಟು ಒಂಬತ್ತೂವರೆ ಲೀಟರ್ ಹಿಡಿಯಿತು. ಕಿಕ್‌ಡೌನ್ ಕೇಬಲ್ಲು ಈಗ ಥ್ರಾಟಲಿಗೆ ಸೇರಿದೆ.

ನಿನ್ನೆ ಘಾಟಿ ಇಳಿದು ಮತ್ತೆ ಹತ್ತಿದೆ. ಡಿಯಲ್ಲಿಯೇ ಬಂತು. ಅಣ್ಣಪ್ಪಸ್ವಾಮಿ ಗುಡಿಯ ಮೇಲಿನ ತಿರುವಿನಲ್ಲಿ ಪೆಡಲ್ ಒತ್ತಿದಾಗ ಗೇರು ಕೆಳಗಿಳಿದು ಎಳೆದದ್ದು, ಈ ಕಾರಿನಲ್ಲಿ ನಾನು ಮೊದಲ ಬಾರಿಗೆ ಕಂಡದ್ದು. ಮಾಗುಂಡಿಯವರಿಗೆ ಕೊಟ್ಟಿಗೆಹಾರದಲ್ಲಿ ನೀರು ದೋಸೆ ಕೊಡಿಸಿದೆ; ಅವರು ತಿನ್ನುವಾಗಲೂ 700ಆರ್4ರ ಮಾತನ್ನೇ ಆಡಿದರು.

ಮಾಗುಂಡಿ_ಓವರ್‌ಡ್ರೈವ್

ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಗೇರು ಬೀಳುವುದು ಬೆಣ್ಣೆಯಂತಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಳೇ_ಪಾನಾ

ಸಂತೋಷವಾಯಿತು. ಸೋರಿಕೆ ಇದೆಯೇ? ಮತ್ತು ಎಲ್ ಸ್ಥಾನಕ್ಕೆ ಏನು ಮಾಡಿದಿರಿ?

ಬಣಕಲ್_ತೋಟದವ

ರಾತ್ರಿ ಕೆಳಗೆ ಗೋಣಿಚೀಲ ಹಾಸಿದ್ದೆ, ಬೆಳಿಗ್ಗೆ ಎರಡು ಹನಿ ಇತ್ತು, ತಟ್ಟೆಯ ಹಿಂದಿನ ಮೂಲೆಯಲ್ಲಿ. ಹದಿಮೂರನೆಯ ಬೋಲ್ಟೇ ಸಡಿಲವಾಗಿತ್ತು, ಬಿಗಿದೆ. ಎಲ್ ಇನ್ನೂ ಹಾಗೆಯೇ ಇದೆ. ಕಂಬದೊಳಗಿನ ಮೆಟ್ಟಿಲು ತಗಡನ್ನು ಬದಲಾಯಿಸಿದರೆ ಆರನೆಯ ಸ್ಥಾನ ಸಿಗುತ್ತದೆ ಎಂದು ಹಿರಿಯರು ಹೇಳುತ್ತಾರೆ, ಕಾಫಿ ಕೊಯ್ಲು ಮುಗಿದ ಮೇಲೆ ಮಾಡಿಸುತ್ತೇನೆ. ಸೂಚಕದ ಅಕ್ಷರಗಳನ್ನು ಮಾತ್ರ ಬದಲಾಯಿಸುವುದಿಲ್ಲ.

ಬಾಳೆಹೊನ್ನೂರು_240ಡಿ

ಇಡೀ ಚರ್ಚೆಯನ್ನು ಓದಿದೆ. ನಮ್ಮಲ್ಲಿ ಬೆಂಜ್ ಡಬ್ಲ್ಯೂ123 ಡೀಸೆಲ್ ಆಟೋಮ್ಯಾಟಿಕ್ ಇದೆ. ಅದಕ್ಕೂ ಬೋಲ್ಟು ಎಣಿಸಿದರೆ ಸಾಕೇ?

ಹಾಸನ_ಬಿಎಂ_ರಸ್ತೆ

ಎಣಿಸಬೇಡಿ, ಓದಿ. ಎಡಭಾಗದಲ್ಲಿ ಎಣ್ಣೆ ತಟ್ಟೆಯ ಅಂಚಿಗಿಂತ ಸ್ವಲ್ಪ ಮೇಲೆ 722 ಎಂದು ಶುರುವಾಗುವ ಸಂಖ್ಯೆಯನ್ನು ಗುದ್ದಿರುತ್ತಾರೆ. ಚುಕ್ಕಿಯ ನಂತರದ ಮೊದಲ ಅಂಕಿ 1 ಆದರೆ ಹಳೆಯದು, 3 ಆದರೆ ನಂತರದ್ದು. ಸೀಮೆಎಣ್ಣೆ ಮತ್ತು ಬ್ರಷ್ ತೆಗೆದುಕೊಂಡು ಹೋಗಿ, ಸಂಖ್ಯೆ ಸಿಕ್ಕಿದ ಮೇಲೆ ಹೊಸ ಎಳೆಯೊಂದನ್ನು ತೆರೆಯಿರಿ. ಇಲ್ಲಿಯೇ ಮುಂದುವರಿಸಿದರೆ ನಿರ್ವಾಹಕರು ಮತ್ತೆ ಬರುತ್ತಾರೆ.